ಮಿಕ್ಕ ಬಟ್ಟೆಯ ಚೀಲ ಮತ್ತು ಎಂಟನೆಯ ಆಜ್ಞೆ

ಧಾರವಾಡದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿಯಿದೆ. ನಾಲ್ಕು ಮಷಿನ್, ಒಂದು ಓವರ್‌ಲಾಕ್, ಒಂದು ಕಟಿಂಗ್ ಟೇಬಲ್, ನನ್ನ ಜೊತೆ ಕೆಲಸಕ್ಕೆ ಮೂವರು ಹೆಣ್ಣುಮಕ್ಕಳು. ವಾರವೆಲ್ಲ ಜಂಪರ್ ಹೊಲಿಯುವ ನಾನು ಶನಿವಾರ ಸಂಜೆ ಐದೂವರೆಗೆ ಮಷಿನಿಗೆ ಹೊದಿಕೆ ಹಾಕಿ ಚರ್ಚಿಗೆ ಹೋಗುತ್ತೇನೆ. ದೃಢೀಕರಣಕ್ಕೆ, ಅಂದರೆ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ದಿನಕ್ಕೆ, ಸಿದ್ಧರಾಗುತ್ತಿರುವ ಹದಿನಾಲ್ಕು, ಹದಿನೈದರ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ಸಭೆ ನನಗೆ ಒಪ್ಪಿಸಿ ಹತ್ತೊಂಬತ್ತು ವರ್ಷವಾಯಿತು. ಆ ಪಾಠಗಳಲ್ಲಿ ಹೆಚ್ಚು ಶನಿವಾರಗಳನ್ನು ತಿನ್ನುವುದು ದಶಾಜ್ಞೆಗಳು, ದೇವರು ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಕೊಟ್ಟ ಹತ್ತು ಆಜ್ಞೆಗಳು. ಅವನ್ನು ಹೇಗೆ ಕಲಿಸುತ್ತಿದ್ದೆ, ಯಾಕೆ ಆ ಕ್ರಮವನ್ನು ಬಿಟ್ಟೆ, ಈಗ ಹೇಗೆ ಕಲಿಸುತ್ತೇನೆ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಏಳು ವರ್ಷದ ಹಿಂದಿನ ಮಾತು. ದೃಢೀಕರಣದ ದಿನಕ್ಕೆ ಬಿಳಿ ಬಟ್ಟೆ ಹೊಲಿಸಲು ಒಬ್ಬ ಹುಡುಗಿ ತಾಯಿಯ ಜೊತೆ ಅಂಗಡಿಗೆ ಬಂದಿದ್ದಳು. ಆ ವರ್ಷದ ತರಗತಿಯಲ್ಲಿ ಹತ್ತು ಆಜ್ಞೆಗಳನ್ನೂ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದವಳು ಅವಳೊಬ್ಬಳೇ. ಕೂರಲು ಸ್ಟೂಲ್ ಖಾಲಿಯಿರಲಿಲ್ಲವಾದ್ದರಿಂದ ಮೂಲೆಯಲ್ಲಿದ್ದ ದೊಡ್ಡ ಚೀಲದ ಮೇಲೆ ಕೂತಳು. ಗಿರಾಕಿಗಳ ಬಟ್ಟೆ ಕತ್ತರಿಸಿದ ಮೇಲೆ ಉಳಿಯುವ ತುಂಡುಗಳನ್ನು ತುಂಬಿಡುವ ಚೀಲವದು. ಸೀರೆಯ ಜೊತೆ ಬರುವ ಜಂಪರ್ ಪೀಸನ್ನು ಜಾಣತನದಿಂದ ಕತ್ತರಿಸಿದರೆ ಗೇಣಗಲದ ಒಂದು ಪಟ್ಟಿ ಉಳಿಯುತ್ತದೆ. ಗುಳೇದಗುಡ್ಡದ ಖಣವಾದರೆ ಆ ತುಂಡಿಗೂ ಬೆಲೆಯಿದೆ. ಗಿರಾಕಿ ಕೇಳುವುದಿಲ್ಲ, ದರ್ಜಿ ಕೊಡುವುದಿಲ್ಲ. ಇದು ನಮ್ಮ ಕಸುಬಿನಲ್ಲಿ ನಡೆದುಬಂದ ರೂಢಿ. ವರ್ಷಕ್ಕೆರಡು ಸಲ ಕೌದಿ ಹೊಲಿಯುವವರು ಬಂದು ತೂಕಕ್ಕೆ ಕೊಂಡೊಯ್ಯುತ್ತಿದ್ದರು, ಆ ಹಣ ನನ್ನ ಗಲ್ಲೆಗೆ ಸೇರುತ್ತಿತ್ತು. ಹುಡುಗಿ ಚೀಲದ ಬಾಯಿಂದ ಹೊರಗೆ ಇಣುಕುತ್ತಿದ್ದ ಖಣದ ತುಂಡೊಂದನ್ನು ಎಳೆದು ನೋಡಿ ಕೇಳಿದಳು:

“ಅಕ್ಕೋರೆ, ಇವೆಲ್ಲಾ ಯಾರವ್ರಿ?”

“ಗಿರಾಕಿಗಳು ಬಿಟ್ಟು ಹೋಗಿದ್ದವ್ವಾ.”

“ಬಟ್ಟಿ ಉಳದೈತಿ ಅಂತ ಅವರಿಗೆ ಗೊತ್ತೈತೇನ್ರಿ?”

ತಾಯಿ ಅವಳ ತೊಡೆಗೆ ಚಿವುಟಿದಳು. ನಾನು ನಕ್ಕು, ಟೇಪ್ ಹಿಡಿದು, ತೋಳಿನ ಅಳತೆಯನ್ನು ತಪ್ಪಾಗಿ ಬರೆದುಕೊಂಡೆ. ಆ ಬಿಳಿ ಬಟ್ಟೆಯ ತೋಳನ್ನು ಮುಂದೆ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಅದಕ್ಕೂ ಹಿಂದಿನ ಹನ್ನೆರಡು ವರ್ಷ ನಾನು ದಶಾಜ್ಞೆಗಳನ್ನು ಒಂದೇ ಬಗೆಯಲ್ಲಿ ಕಲಿಸಿದ್ದೆ. ಧರ್ಮಶಾಸ್ತ್ರದಿಂದ, ಅಂದರೆ ಮೋಶೆಯ ಮೂಲಕ ಬಂದ ಆಜ್ಞೆಗಳಿಂದ, ಪಾಪದ ಅರಿವು ಉಂಟಾಗುತ್ತದೆ ಎಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಆ ಒಂದು ಮಾತನ್ನೇ ಹಿಡಿದು, ಆಜ್ಞೆಗಳು ನಮ್ಮ ಮುಖದ ಕೊಳೆಯನ್ನು ತೋರಿಸುವ ಕನ್ನಡಿ, ಅವನ್ನು ಪೂರ್ಣವಾಗಿ ಪಾಲಿಸಲು ನಮ್ಮಿಂದಾಗದು, ಆದ್ದರಿಂದಲೇ ಕ್ರಿಸ್ತನ ಬಳಿಗೆ ಓಡಬೇಕು ಎಂದು ಹೇಳಿ ಮುಗಿಸುತ್ತಿದ್ದೆ. ಪ್ರತಿ ಆಜ್ಞೆಯ ಎದುರು ತಾವು ಮಾಡಿದ ತಪ್ಪನ್ನು ಚೀಟಿಯಲ್ಲಿ ಬರೆಯಿರಿ ಎನ್ನುತ್ತಿದ್ದೆ. ಮಕ್ಕಳು ಪ್ರತಿ ವರ್ಷವೂ ಅವೇ ಐದಾರು ತಪ್ಪುಗಳನ್ನು ಬರೆಯುತ್ತಿದ್ದರು: ಪರೀಕ್ಷೆಯಲ್ಲಿ ನೋಡಿ ಬರೆದದ್ದು, ಅವ್ವನಿಗೆ ಸುಳ್ಳು ಹೇಳಿದ್ದು, ಚಿಲ್ಲರೆ ಎತ್ತಿಕೊಂಡದ್ದು. ಚೀಟಿಗಳನ್ನು ಒಂದು ತಟ್ಟೆಯಲ್ಲಿ ಸುಟ್ಟು ಪ್ರಾರ್ಥನೆ ಮಾಡಿ ಮನೆಗೆ ಕಳಿಸುತ್ತಿದ್ದೆ. ನಾನು ಮಾತ್ರ ಒಂದು ವರ್ಷವೂ ಚೀಟಿ ಬರೆದವಳಲ್ಲ. ಕನ್ನಡಿಯನ್ನು ಇನ್ನೊಬ್ಬರತ್ತ ಹಿಡಿದು ನಿಂತವಳಿಗೆ ಅದರ ಬೆನ್ನಷ್ಟೇ ಕಾಣುತ್ತದೆ.

ಕನ್ನಡಿ ಎಂಬುದು ತಪ್ಪಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹದಿನಾರನೆಯ ಶತಮಾನದಲ್ಲಿ ಕ್ರೈಸ್ತ ಸಭೆಯನ್ನು ತಿದ್ದಲು ಹೊರಟ ಸುಧಾರಕರು ಧರ್ಮಶಾಸ್ತ್ರಕ್ಕೆ ಮೂರು ಉಪಯೋಗಗಳನ್ನು ಗುರುತಿಸಿದರು: ಪಾಪವನ್ನು ತೋರಿಸುವ ಕನ್ನಡಿ ಒಂದು, ದುಷ್ಟತನ ಮೇರೆ ಮೀರದಂತೆ ತಡೆಯುವ ಬೇಲಿ ಇನ್ನೊಂದು, ನಂಬಿದವನು ಹೇಗೆ ಬಾಳಬೇಕೆಂದು ತಿಳಿಸುವ ದಾರಿದೀಪ ಮೂರನೆಯದು. ಅವರಲ್ಲಿ ಜರ್ಮನಿಯ ಲೂಥರನಿಗೆ ಮೊದಲನೆಯದೇ ಮುಖ್ಯ, ಜಿನೀವಾದ ಕಾಲ್ವಿನ್ ಮಾತ್ರ ಮೂರನೆಯದನ್ನೇ ಪ್ರಧಾನವೆಂದು ಬರೆದ. ಈ ವ್ಯತ್ಯಾಸ ಅವರ ಪರಂಪರೆಗಳು ಮಕ್ಕಳಿಗೆ ಕಲಿಸಿದ ಪ್ರಶ್ನೋತ್ತರಗಳ ಜೋಡಣೆಯಲ್ಲೂ ಕಾಣುತ್ತದೆ. 1529ರ ಲೂಥರನ ಚಿಕ್ಕ ಪ್ರಶ್ನೋತ್ತರ ಪುಸ್ತಕ ದಶಾಜ್ಞೆಗಳಿಂದಲೇ ಆರಂಭವಾಗುತ್ತದೆ, ನಂಬಿಕೆಯ ಸಾರವನ್ನು ಹೇಳುವ ವಿಶ್ವಾಸ ಪ್ರಮಾಣ ಅವುಗಳ ನಂತರ ಬರುತ್ತದೆ. ಕಾಲ್ವಿನ್ನನ ಕಡೆಯ ಸುಧಾರಿತ ಪರಂಪರೆಯ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದಲ್ಲಿ ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ ಎಂಬ ಮೂರು ಭಾಗಗಳಿದ್ದು, ದೇವರನ್ನೂ ನೆರೆಯವನನ್ನೂ ಪ್ರೀತಿಸಬೇಕೆಂಬ ಧರ್ಮಶಾಸ್ತ್ರದ ಸಾರವನ್ನು ಮೊದಲ ಭಾಗದಲ್ಲಿ ಕನ್ನಡಿಯಾಗಿ ಹಿಡಿದರೂ ಹತ್ತು ಆಜ್ಞೆಗಳ ವಿವರಣೆಯನ್ನು ಕೊನೆಯ ಭಾಗಕ್ಕೆ, ಕೃತಜ್ಞತೆಯ ಕೆಳಗೆ ಇಟ್ಟಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದು ಮೂರು ವರ್ಷದ ಮೇಲೆ ನಮ್ಮ ಧಾರವಾಡಕ್ಕೂ ಕಾಲಿಟ್ಟ ಬಾಸೆಲ್ ಮಿಷನ್ನಿನವರಲ್ಲಿ ಲೂಥರನ ಪರಂಪರೆಯ ಜರ್ಮನರೂ ಇದ್ದರು, ಸುಧಾರಿತ ಪರಂಪರೆಯ ಸ್ವಿಸ್ ಜನರೂ ಇದ್ದರು. ಹಾಗಾಗಿ ನಮ್ಮಂಥ ಸಭೆಗಳಿಗೆ ಎರಡೂ ಜೋಡಣೆಗಳು ಹೊರಗಿನವಲ್ಲ. ನಾನು ಮಾತ್ರ ಒಂದನ್ನೇ, ಅದೂ ಅರ್ಧದಷ್ಟನ್ನೇ, ಹಿಡಿದುಕೊಂಡಿದ್ದೆ. ಲೂಥರನೇ ‘ಕದಿಯಬಾರದು’ ಎಂಬುದಕ್ಕೆ ಅರ್ಥ ಹೇಳುವಾಗ, ನೆರೆಯವನ ಸೊತ್ತನ್ನು ಕಳಪೆ ಸರಕಿನಿಂದಲೂ ಮೋಸದ ವ್ಯವಹಾರದಿಂದಲೂ ಕಿತ್ತುಕೊಳ್ಳದಿರುವುದಷ್ಟೇ ಸಾಲದು, ಆ ಸೊತ್ತು ಉಳಿಯುವಂತೆಯೂ ಬೆಳೆಯುವಂತೆಯೂ ಅವನಿಗೆ ನೆರವಾಗಬೇಕು ಎಂದು ಸೇರಿಸಿದ್ದಾನೆ. ಅದನ್ನು ನಾನು ಹನ್ನೆರಡು ವರ್ಷ ಓದಿಸಿದ್ದೆ.

ಹುಡುಗಿ ಹೋದ ರಾತ್ರಿ ಬೈಬಲ್ಲಿನ ವಿಮೋಚನಕಾಂಡವನ್ನು ಇಪ್ಪತ್ತನೆಯ ಅಧ್ಯಾಯದಿಂದ ತೆರೆಯುವ ಬದಲು ಹನ್ನೆರಡನೆಯದರಿಂದ ಓದಿದೆ. ಹನ್ನೆರಡರಲ್ಲಿ ಇಸ್ರಾಯೇಲ್ಯರು ಐಗುಪ್ತದ, ಅಂದರೆ ಈಜಿಪ್ಟಿನ, ದಾಸತ್ವದಿಂದ ಹೊರಟ ಪಸ್ಕದ ರಾತ್ರಿ, ಹದಿನಾಲ್ಕರಲ್ಲಿ ಸಮುದ್ರ ದಾಟುವುದು, ಹದಿನಾರರಲ್ಲಿ ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನ, ಹತ್ತೊಂಬತ್ತರಲ್ಲಿ, ಐಗುಪ್ತ ಬಿಟ್ಟ ಮೂರನೆಯ ತಿಂಗಳಲ್ಲಿ, ಸೀನಾಯಿ ಬೆಟ್ಟದ ಬುಡ, ಆಮೇಲೆ ಇಪ್ಪತ್ತರಲ್ಲಿ ಆಜ್ಞೆಗಳು. ಆ ಆಜ್ಞೆಗಳೂ ‘ಮಾಡಬಾರದು’ ಎಂದು ಆರಂಭವಾಗುವುದಿಲ್ಲ. ದಾಸತ್ವದಲ್ಲಿದ್ದ ನಿನ್ನನ್ನು ಐಗುಪ್ತದಿಂದ ಹೊರಗೆ ಕರೆತಂದ ನಿನ್ನ ದೇವರು ನಾನೇ ಎಂಬ ಮಾತು ಮೊದಲು ಬರುತ್ತದೆ, ಮತ್ತು ಯೆಹೂದ್ಯರು ಈ ಮಾತನ್ನೇ ಹತ್ತು ವಾಕ್ಯಗಳಲ್ಲಿ ಮೊದಲನೆಯದಾಗಿ ಎಣಿಸುತ್ತಾರೆ. ಇದನ್ನು ನಾನು ಸಾವಿರ ಸಲ ಓದಿರಬಹುದು, ಆದರೆ ಮಕ್ಕಳಿಗೆ ಕಂಠಪಾಠ ಮಾಡಿಸುವಾಗ ಈ ಸಾಲನ್ನು ಬಿಟ್ಟು ಮೂರನೆಯ ವಚನದಿಂದ ಆರಂಭಿಸುತ್ತಿದ್ದೆ. ಪೀಠಿಕೆ ಪರೀಕ್ಷೆಗಿಲ್ಲ ಎಂದು ಶಾಲೆಯಲ್ಲಿ ಬಿಡುತ್ತಿದ್ದೆವಲ್ಲ, ಹಾಗೆ.

ಮುಂದಿನ ವರ್ಷ ತರಗತಿಯ ಮೊದಲ ದಿನ ಈ ಘಟನೆಗಳನ್ನು ಒಂದೊಂದು ರಟ್ಟಿನ ತುಂಡಿನ ಮೇಲೆ ಬರೆದು ಕಲೆಸಿ, ನಡೆದ ಕ್ರಮದಲ್ಲಿ ಜೋಡಿಸಲು ಹೇಳಿದೆ. ಹನ್ನೊಂದು ಮಕ್ಕಳಲ್ಲಿ ಏಳು ಮಂದಿ ಆಜ್ಞೆಗಳನ್ನು ಸಮುದ್ರ ದಾಟುವುದಕ್ಕಿಂತ ಮೊದಲು ಇಟ್ಟರು. ಯಾಕೆಂದು ಕೇಳಿದರೆ, “ಪಾಲಿಸಿದ ಮ್ಯಾಲೇ ಬಿಡುಗಡಿ ಮಾಡಿರಬೇಕಲ್ರಿ” ಎಂದರು. ಅವರ ತಪ್ಪೇನೂ ಇರಲಿಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಭಾನುವಾರ ಶಾಲೆಯಲ್ಲಿ ಅವರು ಕಂಡದ್ದೇ ಆ ಕ್ರಮ. ಈಗ ಪ್ರತಿ ವರ್ಷವೂ ರಟ್ಟಿನ ತುಂಡುಗಳಿಂದಲೇ ಪಾಠ ಆರಂಭಿಸುತ್ತೇನೆ. ಕೃಪೆಯಿಂದ ರಕ್ಷಣೆ ಎಂದ ಮೇಲೆ ಆಜ್ಞೆಗಳು ಯಾಕೆ ಎಂದು ಯಾವುದಾದರೂ ಜಾಣ ಹುಡುಗ ಕೇಳಿಯೇ ಕೇಳುತ್ತಾನೆ. ಆಗ ಮಾತು ಬೆಳೆಸದೆ ತುಂಡುಗಳ ಸಾಲನ್ನು ತೋರಿಸುತ್ತೇನೆ. ಐಗುಪ್ತದ ಅರಸ ಫರೋಹನ ಕೈಯಿಂದ ಬಿಡಿಸಿಕೊಳ್ಳಲು ಇಸ್ರಾಯೇಲ್ಯರು ಒಂದು ಆಜ್ಞೆಯನ್ನೂ ಪಾಲಿಸಿ ತೋರಿಸಬೇಕಾಗಿರಲಿಲ್ಲ. ಬಿಡಿಸಿಕೊಂಡು ಬಂದ ಮೇಲೆ ತಾವೇ ಒಬ್ಬರಿಗೊಬ್ಬರು ಫರೋಹರಾಗದಂತೆ ಬಾಳುವುದನ್ನು ಕಲಿಯಬೇಕಾಗಿತ್ತು.

ಇಲ್ಲಿಂದ ನನ್ನ ಕಲಿಸುವ ಕ್ರಮಕ್ಕೆ ಒಂದು ಪ್ರಶ್ನೆ ಸಿಕ್ಕಿತು. ಪ್ರತಿ ಆಜ್ಞೆಯ ಮುಂದೆಯೂ ಮಕ್ಕಳಿಗೆ ಅದನ್ನೇ ಕೇಳುತ್ತೇನೆ: ಈ ಆಜ್ಞೆ ಯಾರನ್ನು ಕಾಯುತ್ತದೆ? ಉತ್ತರವನ್ನು ‘ಜನರನ್ನು’, ‘ಎಲ್ಲರನ್ನು’ ಎಂದು ಬರೆಯುವ ಹಾಗಿಲ್ಲ, ತಮ್ಮ ಓಣಿಯಲ್ಲಿ ಇರುವ ಒಬ್ಬರನ್ನು ಮನಸ್ಸಿನಲ್ಲಿಟ್ಟು ಬರೆಯಬೇಕು. ಬರೆದವರು ಮೂರು ವಾರ ಆ ಒಬ್ಬರ ವಿಷಯದಲ್ಲಿ ಆ ಆಜ್ಞೆಯನ್ನು ನಡೆಸಿ ನೋಡಬೇಕು. ಪ್ರೀತಿಯೇ ಧರ್ಮಶಾಸ್ತ್ರದ ನೆರವೇರಿಕೆ ಎಂದು ಪೌಲನು ಅದೇ ಪತ್ರಿಕೆಯ ಹದಿಮೂರನೆಯ ಅಧ್ಯಾಯದಲ್ಲಿ ಬರೆಯುವಾಗ, ವ್ಯಭಿಚಾರ, ಕೊಲೆ, ಕಳವು, ಆಶೆ ಇವುಗಳನ್ನು ಹೆಸರಿಸಿಯೇ ಬರೆಯುತ್ತಾನೆ. ಬರಿಯ ಪ್ರೀತಿ ಎಂದರೆ ನಾವು ನಮಗೆ ಬೇಕಾದಂತೆ ಹಿಗ್ಗಿಸಿಕೊಳ್ಳುತ್ತೇವೆ. ಆಜ್ಞೆ ಎಂದರೆ ಇಂತಿಂಥವರ ಇಂತಿಂಥದ್ದನ್ನು ಮುಟ್ಟಬೇಡ ಎಂಬಷ್ಟು ಖಚಿತವಾಗಿರುತ್ತದೆ. ಮಕ್ಕಳ ಜೊತೆ ನಾನೂ ನೋಟುಬುಕ್ಕು ಇಡತೊಡಗಿದೆ. ಮೊದಲ ವರ್ಷ ‘ಕದಿಯಬಾರದು’ ಎಂಬುದರ ಎದುರು ನಾನು ಬರೆದದ್ದು ಒಬ್ಬ ನಿವೃತ್ತ ಶಿಕ್ಷಕಿಯನ್ನು. ಹುಡುಗಿ ಚೀಲದಿಂದ ಎಳೆದಿದ್ದ ಖಣದ ತುಂಡು ಅವರದಾಗಿತ್ತು.

ಅಂದಿನಿಂದ ಉಳಿದ ತುಂಡನ್ನು ಮಡಚಿ, ಹೊಲಿದ ಜಂಪರಿನ ಜೊತೆಗೇ ಪಿನ್ನು ಹಾಕಿ ಕೊಡುವುದನ್ನು ಆರಂಭಿಸಿದೆ. ಬಹುಪಾಲು ಗಿರಾಕಿಗಳಿಗೆ ಅದು ಬೇಡವಾಗಿತ್ತು. “ಇದನ್ನ ತೊಗೊಂಡು ಏನ ಮಾಡ್ಲಿ, ನೀವೇ ಇಟಗೋರಿ” ಎಂದರು. ಇಟ್ಟುಕೊಂಡೆ. ಚೀಲ ಈಗಲೂ ಇದೆ, ಅದರಲ್ಲಿರುವುದು ಕೊಟ್ಟದ್ದು. ಹೊರಗಿನಿಂದ ನೋಡಿದವರಿಗೆ ಮೊದಲಿನ ಚೀಲಕ್ಕೂ ಈಗಿನದಕ್ಕೂ ಏನೂ ವ್ಯತ್ಯಾಸ ಕಾಣದು, ಮೊದಲಿಗಿಂತ ಸ್ವಲ್ಪ ತೆಳ್ಳಗಾಗಿದೆ ಅಷ್ಟೇ. ಆ ಶಿಕ್ಷಕಿ ಮಾತ್ರ ತಮ್ಮ ತುಂಡುಗಳನ್ನೆಲ್ಲ ಒಯ್ದು ಮೊಮ್ಮಗುವಿಗೆ ಕೌದಿ ಹೊಲಿದರು.

ಹಳೆಯ ಲೆಕ್ಕ ಹಾಗೆ ತೀರುವಂಥದ್ದಲ್ಲ. ಕದ್ದದ್ದನ್ನು ಹಿಂದಿರುಗಿಸಿ ಅದರ ಮೇಲೆ ಐದನೆಯ ಒಂದು ಪಾಲು ಹೆಚ್ಚು ಕೊಡಬೇಕೆಂದು ಯಾಜಕಕಾಂಡ ಹೇಳುತ್ತದೆ. ಕುರಿ ಕದ್ದು ಕೊಂದವನು ನಾಲ್ಕು ಕುರಿ ಕೊಡಬೇಕೆಂದು ವಿಮೋಚನಕಾಂಡ ಹೇಳುತ್ತದೆ. ವರ್ಷಗಟ್ಟಲೆ ತೂಕಕ್ಕೆ ಮಾರಿದ ತುಂಡುಗಳನ್ನು ಯಾರಿಗೆಂದು ಹಿಂದಿರುಗಿಸುವುದು? ಮಾರಿದ ಹಣದಷ್ಟನ್ನು ಅಂದಾಜಿಸಿ, ಐದನೆಯ ಒಂದು ಪಾಲು ಸೇರಿಸಿ, ಓಣಿಯ ಒಬ್ಬ ವಿಧವೆಯ ಮಗಳ ಕಾಲೇಜು ಶುಲ್ಕಕ್ಕೆ ಕೊಟ್ಟೆ; ಆದರೆ ಅದು ಆ ಗಿರಾಕಿಗಳಿಗೆ ಸಂದಂತಾಗಲಿಲ್ಲ ಎಂಬುದು ನನಗೆ ಗೊತ್ತು. ಆಗ, ಯೇಸುವನ್ನು ನೋಡಲು ಮರ ಹತ್ತಿದ ಸುಂಕದವ ಜಕ್ಕಾಯನ ಕಥೆ ಬೇರೆ ಬಗೆಯಲ್ಲಿ ಕಂಡಿತು. ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಅವನು ಹೇಳಿದ್ದು ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳುತ್ತೇನೆಂದು ಹೇಳಿದ ಮೇಲೆ, ಅದಕ್ಕೆ ಮೊದಲಲ್ಲ. ಲೆಕ್ಕ ತೀರಿಸಿ ಬಾ, ಆಮೇಲೆ ಊಟಕ್ಕೆ ಬರುತ್ತೇನೆ ಎಂದು ಯೇಸು ಅವನನ್ನು ಅತ್ತಿಮರದಿಂದ ಇಳಿಸಲಿಲ್ಲ. ನನ್ನ ರಟ್ಟಿನ ತುಂಡುಗಳ ಕ್ರಮವೇ ಇಲ್ಲೂ ಇದೆ. ಹನ್ನೆರಡು ವರ್ಷ ನಾನು ಮಕ್ಕಳಿಗೆ ಹಿಡಿದ ಕನ್ನಡಿ ಮೊದಲ ಸಲ ನನಗೆ ಹಿಡಿದಂತಾದದ್ದು ಆಜ್ಞೆಯನ್ನು ನಡೆಸಲು ಹೊರಟಾಗಲೇ.

ಎಲ್ಲಕ್ಕಿಂತ ಹೆಚ್ಚು ನನಗೆ ಕಲಿಸಿದ್ದು ಸಬ್ಬತ್ತಿನ, ಅಂದರೆ ವಾರಕ್ಕೊಂದು ದಿನ ವಿಶ್ರಮಿಸಬೇಕೆಂಬ, ಆಜ್ಞೆ. ಶನಿವಾರವೋ ಭಾನುವಾರವೋ ಎಂಬ ಚರ್ಚೆಯಲ್ಲಿ ನಾನು ಸಮಯ ಕಳೆಯುವುದಿಲ್ಲ. ಕರ್ತನು ಎದ್ದ ದಿನವನ್ನು ನಮ್ಮ ಸಭೆ ಆಚರಿಸುತ್ತದೆ, ಅಷ್ಟು ಸಾಕು. ಈ ಆಜ್ಞೆಗೆ ಬೈಬಲ್ಲಿನಲ್ಲಿ ಎರಡು ಕಾರಣಗಳಿವೆ ಎಂಬುದರಲ್ಲಿ ಮಾತ್ರ ಎರಡು ಶನಿವಾರ ನಿಲ್ಲುತ್ತೇನೆ. ವಿಮೋಚನಕಾಂಡದಲ್ಲಿ, ದೇವರು ಆರು ದಿನಗಳಲ್ಲಿ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದನಾದ್ದರಿಂದ ಎಂದಿದೆ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಮೋಶೆ ಅದೇ ಆಜ್ಞೆಯನ್ನು ಮತ್ತೆ ಹೇಳುವಾಗ, ನಿನ್ನ ದಾಸದಾಸಿಯರಿಗೂ ನಿನ್ನ ಹಾಗೆಯೇ ವಿಶ್ರಾಂತಿ ಸಿಗಬೇಕು, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ ಎಂಬುದನ್ನು ನೆನಪಿಟ್ಟುಕೋ ಎನ್ನುತ್ತಾನೆ. ಈ ಆಜ್ಞೆ ಯಾರನ್ನು ಕಾಯುತ್ತದೆ ಎಂದು ಊಹಿಸುವ ಅಗತ್ಯವೇ ಇಲ್ಲ, ಬರೆದಿಟ್ಟಿದೆ.

ನನ್ನ ಅಂಗಡಿಗೆ ಭಾನುವಾರ ರಜೆ ಮೊದಲಿನಿಂದಲೂ ಇತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಲಗ್ನಸರಾಯಿಯಲ್ಲಿ ಬೇರೆ ಅಂಗಡಿಗಳು ತೆರೆದಿದ್ದರೂ ನಮ್ಮದು ಮುಚ್ಚಿರುತ್ತಿತ್ತು. ನೋಟುಬುಕ್ಕಿನಲ್ಲಿ ಈ ಆಜ್ಞೆಯ ಎದುರು ನನ್ನ ಕೆಲಸದ ಹೆಣ್ಣುಮಗಳೊಬ್ಬಳನ್ನು ಬರೆದುಕೊಂಡು, ಭಾನುವಾರ ಏನು ಮಾಡುತ್ತೀ ಎಂದು ಸುಮ್ಮನೆ ಕೇಳಿದೆ. ಹೇಳಲು ಹಿಂಜರಿದಳು. ಭಾನುವಾರ ಇನ್ನೊಂದು ಕಡೆ ಹೋಗಿ ಫಾಲ್, ಪಿಕೋ ಮಾಡುತ್ತಾಳೆಂದು ಕೊನೆಗೆ ಗೊತ್ತಾಯಿತು. ನನಗೆ ಸಿಟ್ಟು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ದೇವರ ದಿನವೆಂದು ನಾನು ಗಿರಾಕಿಗಳನ್ನು ಬಿಟ್ಟುಕೊಟ್ಟರೆ ಇವಳು ಇನ್ನೊಬ್ಬರ ಮಷಿನ್ ತುಳಿಯುತ್ತಾಳಲ್ಲ ಎನಿಸಿತು. ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಕೂಲಿ ಪುಸ್ತಕ ಬರೆಯುವಾಗ ಕಣ್ಣಿಗೆ ಬಿತ್ತು: ನಮ್ಮಲ್ಲಿ ಕೂಲಿ ಪೀಸಿನ ಲೆಕ್ಕ. ಹೊಲಿದರೆ ಹಣ, ಹೊಲಿಯದಿದ್ದರೆ ಇಲ್ಲ. ಅಂದರೆ ನನ್ನ ಸಬ್ಬತ್ತಿನ ಖರ್ಚನ್ನು ಇಷ್ಟು ವರ್ಷ ಕೊಡುತ್ತಾ ಬಂದವರು ಆ ಮೂವರು. ನಾನು ರಜೆ ಕೊಟ್ಟಿದ್ದೆ, ವಿಶ್ರಾಂತಿ ಕೊಟ್ಟಿರಲಿಲ್ಲ.

ಇದಕ್ಕೆ ದಾರಿ ಸಿಕ್ಕಿದ್ದು ಮನ್ನದ ಅಧ್ಯಾಯದಲ್ಲಿ. ಸೀನಾಯಿಗೂ ಮೊದಲೇ, ಆರನೆಯ ದಿನ ಎರಡರಷ್ಟು ಮನ್ನ ಬೀಳುತ್ತದೆ. ಏಳನೆಯ ದಿನ ಹೊರಗೆ ಹೋಗಿ ಕೂಡಿಸಬೇಡಿ ಎಂದು ಹೇಳುವುದಕ್ಕೆ ಮುಂಚೆ ಏಳನೆಯ ದಿನದ ಊಟ ಕೈಯಲ್ಲಿರುತ್ತದೆ. ಸಂಬಳವಿಲ್ಲದ ವಾರದ ರಜೆಯನ್ನು ದೇವರು ಅರಣ್ಯದಲ್ಲೂ ಕೊಡಲಿಲ್ಲ. ನಾನು ಆರು ದಿನದ ಪೀಸುಗಳ ಸರಾಸರಿ ತೆಗೆದು, ಒಂದು ದಿನದ ಕೂಲಿಯನ್ನು ಶನಿವಾರ ಸಂಜೆಯೇ, ಐದೂವರೆಗೆ ಮುಂಚೆ ಕೊಡತೊಡಗಿದೆ. ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕೆಂಬ ಮಾತೂ ಧರ್ಮೋಪದೇಶಕಾಂಡದಲ್ಲಿಯೇ ಇದೆ. ಲೈನಿಂಗ್ ಜಂಪರಿನ ಹೊಲಿಗೆಯನ್ನು ಮೂವತ್ತು ರೂಪಾಯಿ ಹೆಚ್ಚಿಸಬೇಕಾಯಿತು. ಕೆಲವು ಗಿರಾಕಿಗಳು ಬಿಟ್ಟುಹೋದರು, ಹೋದವರಲ್ಲಿ ನಮ್ಮ ಸಭೆಯವರೇ ಇಬ್ಬರು. ಪಿಕೋ ಮಾಡುತ್ತಿದ್ದವಳು ಆರು ತಿಂಗಳ ಮೇಲೆ ಭಾನುವಾರದ ಕೆಲಸ ಬಿಟ್ಟಳು. ಬಿಡು ಎಂದು ನಾನು ಹೇಳಲಿಲ್ಲ, ಹೇಳುವ ಹಕ್ಕು ನನಗಿತ್ತೆಂದೂ ಈಗ ಅನಿಸುವುದಿಲ್ಲ. ಇನ್ನೊಬ್ಬಳು ಮುಸ್ಲಿಂ ಹೆಣ್ಣುಮಗಳು. ಶುಕ್ರವಾರ ಮಧ್ಯಾಹ್ನ ಗಂಡ ಮಕ್ಕಳು ನಮಾಜಿಗೆ ಹೋಗಿ ಬರುವ ಹೊತ್ತಿಗೆ ಮನೆಯಲ್ಲಿರಬೇಕು, ಎರಡು ತಾಸು ಬಿಡ್ತೀರೇನ್ರಿ ಎಂದು ಅವಳು ಧೈರ್ಯ ಮಾಡಿ ಕೇಳಿದ್ದು ಇದಾದ ಮೇಲೆಯೇ. ಬಿಟ್ಟೆ. ಸಬ್ಬತ್ ಮನುಷ್ಯನಿಗಾಗಿ ಉಂಟಾಯಿತು ಎಂದ ಯೇಸು, ಕ್ರೈಸ್ತ ಮನುಷ್ಯನಿಗಾಗಿ ಎಂದು ಹೇಳಲಿಲ್ಲ.

ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯ ವಾರ ಬಂದರೆ ಹೆತ್ತವರು ನನ್ನ ಬಳಿ ಬರುತ್ತಾರೆ: “ಅಕ್ಕೋರೆ, ಇದನ್ನ ಸ್ವಲ್ಪ ಗಟ್ಟಿಯಾಗಿ ಹೇಳ್ರಿ, ಮನ್ಯಾಗ ಮಾತು ಕೇಳೂದಿಲ್ಲ.” ಆ ಕೋಲನ್ನು ನಾನು ಕೈಗೆತ್ತಿಕೊಳ್ಳುವುದಿಲ್ಲ. ಈ ಆಜ್ಞೆಯನ್ನು ಯೇಸು ಬಳಸಿದ್ದು ಬೆಳೆದವರ ಮೇಲೆ. ದೇವರಿಗೆ ಮುಡಿಪು, ಕೊರ್ಬಾನ್, ಎಂದು ಹೇಳಿ ಮುದಿ ತಂದೆತಾಯಿಗೆ ಕೊಡಬೇಕಾದದ್ದನ್ನು ತಪ್ಪಿಸುತ್ತಿದ್ದವರ ಮೇಲೆ. ಅದು ಕಾಯುವುದು ದುಡಿಯಲಾರದ ಮುಪ್ಪನ್ನು. ಮಕ್ಕಳಿಗೆ ಅಜ್ಜ ಅಜ್ಜಿಯ ಬಗ್ಗೆ ಬರೆಯಲು ಹೇಳಿದ ವರ್ಷ ಒಂದೆರಡು ಮನೆಗಳಿಂದ ದೂರು ಬಂತು. ಸಭಾಪಾಲಕರು ಕೇಳಿ, ನಕ್ಕು, ಮುಂದುವರಿಸಿ ಎಂದರು.

ಎಣಿಕೆಯ ಗೊಂದಲ ಒಮ್ಮೆ ತರಗತಿಯಲ್ಲೇ ಬಂತು. ತಾಯಿಯ ಕಡೆಯಿಂದ ಕಥೋಲಿಕನಾದ ಹುಡುಗನೊಬ್ಬ ‘ಕದಿಯಬಾರದು’ ಎಂಬುದನ್ನು ಏಳನೆಯದೆಂದ, ಉಳಿದವರು ಎಂಟನೆಯದೆಂದರು. ಕಥೋಲಿಕರೂ ಲೂಥರನವರೂ ವಿಗ್ರಹದ ಮಾತನ್ನು ಮೊದಲನೆಯ ಆಜ್ಞೆಯಲ್ಲೇ ಸೇರಿಸಿ ಕೊನೆಯ ‘ಆಶಿಸಬಾರದು’ ಎಂಬುದನ್ನು ಎರಡಾಗಿ ಎಣಿಸುತ್ತಾರೆ. ಸುಧಾರಿತ ಸಭೆಯವರೂ ಆಂಗ್ಲಿಕನ್ನರೂ ವಿಗ್ರಹದ್ದನ್ನು ಬೇರೆಯಾಗಿ ಎಣಿಸುತ್ತಾರೆ. ಒಟ್ಟು ಹತ್ತೇ. ಕದ್ದವನಿಗೆ ಇದರಿಂದ ಲಾಭವೇನೂ ಇಲ್ಲ ಎಂದೆ, ಮಕ್ಕಳು ನಕ್ಕರು.

ಸುಳ್ಳುಸಾಕ್ಷಿಯ ಆಜ್ಞೆಯಲ್ಲಿ ನಾನೇ ಸಿಕ್ಕಿಬಿದ್ದೆ. ನಮ್ಮ ಕಡೆ ದೆವ್ವದ ಕಾಟಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲವಿತ್ತು. ದರ್ಜಿಗಳು ಅದನ್ನು ಬರೆಯುವುದಿಲ್ಲ, ಬಾಯಲ್ಲೇ ಹೇಳುತ್ತೇವೆ. ಬಟ್ಟೆಗೆ ಕತ್ತರಿಯನ್ನೇ ಮುಟ್ಟಿಸದೆ, “ಹೊಲದಾಗೈತ್ರಿ, ಹುಕ್ಕ ಅಷ್ಟ ಹಚ್ಚೂದೈತಿ, ನಾಳೆ ಬರ್ರಿ” ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹುಡುಗರು ಇದನ್ನು ತರಗತಿಗೆ ತಂದರು, ಅವರವರ ತಾಯಂದಿರು ಹೇಳಿ ಕಳಿಸಿದ್ದಿರಬೇಕು. ಒಂದು ವಿಷಯದಲ್ಲಿ ಮಾತ್ರ ನಾನು ಅವರನ್ನು ತಿದ್ದಿದೆ. ಆ ಆಜ್ಞೆ ಮೂಲತಃ ನ್ಯಾಯಸ್ಥಾನದಲ್ಲಿ ನೆರೆಯವನ ತಲೆ ಉರುಳಿಸಬಲ್ಲ ಸಾಕ್ಷಿಯ ಕುರಿತಾದದ್ದು. ಸುಳ್ಳುಸಾಕ್ಷಿ ಹೇಳಿದವನು ಇನ್ನೊಬ್ಬನಿಗೆ ಮಾಡಬೇಕೆಂದಿದ್ದ ಕೇಡನ್ನು ಅವನಿಗೇ ಮಾಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುವುದು ಅದಕ್ಕಾಗಿಯೇ. ನನ್ನ ‘ನಾಳೆ’ ಬರುವುದು ಒಬ್ಬರಿಗೊಬ್ಬರು ಸುಳ್ಳಾಡಬಾರದು, ವಂಚಿಸಬಾರದು ಎಂಬ ಯಾಜಕಕಾಂಡ ಹತ್ತೊಂಬತ್ತರ ಮಾತಿನ ಕೆಳಗೆ. ಹೀಗೆ ಬಿಡಿಸಿ ಹೇಳಿ ಪಾರಾದೆ ಎಂದುಕೊಳ್ಳುವಷ್ಟರಲ್ಲಿ, “ಹಂಗಾರ ಅದೂ ಆಜ್ಞಾನೇ ಅಲ್ರಿ?” ಎಂದ ಒಬ್ಬ. ಈಗ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ, ದಿನಕ್ಕೆ ಎಂಟೇ ಜಂಪರ್ ಬರೆದುಕೊಳ್ಳುತ್ತೇನೆ. ಕರೆಂಟು ಹೋದ ದಿನ ಲೆಕ್ಕ ತಪ್ಪುತ್ತದೆ. ಆಗ ಫೋನು ಮಾಡಿ, ಆಗಿಲ್ಲ ಎಂದು ಹೇಳುತ್ತೇನೆ, ಬೈಸಿಕೊಳ್ಳುತ್ತೇನೆ.

‘ಆಶಿಸಬಾರದು’ ಎಂಬ ಕೊನೆಯದಕ್ಕೆ ಬಂದಾಗ ನನ್ನ ಪ್ರಶ್ನೆ ಮುಗ್ಗರಿಸುತ್ತದೆ. ಮನಸ್ಸಿನೊಳಗೇ ಉಳಿದುಬಿಡುವ ಆಶೆಯಿಂದ ನೆರೆಯವನಿಗೆ ಆಗುವ ನಷ್ಟವೇನು? ಯಾರನ್ನು ಕಾಯಲು ಈ ಆಜ್ಞೆ? ಮಕ್ಕಳ ನೋಟುಬುಕ್ಕುಗಳು ಇಲ್ಲಿ ಖಾಲಿ ಉಳಿಯುತ್ತವೆ. ಪೌಲನು ತನ್ನ ಸೋಲನ್ನು ಹೇಳಿಕೊಳ್ಳಲು ಹತ್ತರಲ್ಲಿ ಇದೊಂದನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಆಶಿಸಬಾರದೆಂದು ಧರ್ಮಶಾಸ್ತ್ರ ಹೇಳದಿದ್ದರೆ ಆಶೆ ಏನೆಂದೇ ನನಗೆ ತಿಳಿಯುತ್ತಿರಲಿಲ್ಲ ಎಂದು ರೋಮಾಪುರದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಉಳಿದವುಗಳಲ್ಲಿ ಕ್ಯಾಲೆಂಡರ್ ತೂಗುಹಾಕಬಹುದು, ಕೂಲಿಯ ಲೆಕ್ಕ ಬದಲಿಸಬಹುದು, ತುಂಡಿಗೆ ಪಿನ್ನು ಹಾಕಬಹುದು. ಇದರಲ್ಲಿ ಕೈ ಮಾಡಬಹುದಾದ ಕೆಲಸ ಯಾವುದೂ ಇಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಧರ್ಮಶಾಸ್ತ್ರಕ್ಕೆ ಕೊಡುವ ಹೆಸರು ಆ ಕಾಲದ ಸಿರಿವಂತರ ಮನೆಗಳಲ್ಲಿ ಹುಡುಗನ ಕೈಹಿಡಿದು ಗುರುವಿನ ಬಳಿಗೆ ಕರೆದೊಯ್ಯುತ್ತಿದ್ದ ಆಳಿನದು. ಮೊದಲ ಒಂಬತ್ತು ಆಜ್ಞೆಗಳಲ್ಲಿ ಆ ಆಳಿನ ಜೊತೆ ನಾನು ಹೇಗೋ ಹೆಜ್ಜೆ ಹಾಕಿದೆನೆಂದುಕೊಂಡರೂ ಹತ್ತನೆಯದರಲ್ಲಿ ಅವನು ನನ್ನನ್ನು ದರದರ ಎಳೆದುಕೊಂಡೇ ಹೋಗುತ್ತಾನೆ.

ನಮ್ಮ ಎದುರು ಸಾಲಿನಲ್ಲಿ ಮೂರು ವರ್ಷದ ಹಿಂದೆ ಒಂದು ಹೊಸ ಹೊಲಿಗೆ ಅಂಗಡಿ ತೆರೆಯಿತು. ಕಂಪ್ಯೂಟರ್ ಎಂಬ್ರಾಯ್ಡರಿ, ಗಾಜಿನ ಬಾಗಿಲು, ಮದುಮಕ್ಕಳ ಜಂಪರಿಗೆ ಸಾವಿರಗಟ್ಟಲೆ ಹೊಲಿಗೆ. ನನ್ನ ಅಂಗಡಿಯಲ್ಲಿ ಕೂತು ಮಷಿನ್ ತುಳಿಯುತ್ತಲೇ ಆ ಬಾಗಿಲಿಗೆ ದಿನಕ್ಕೆ ಎಷ್ಟು ಮಂದಿ ಹೋದರೆಂದು ಎಣಿಸುತ್ತಿದ್ದೆ. ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡು ಹೊರಬಂದರೆ ನನಗೆ ಅಂದು ಊಟ ರುಚಿಸುತ್ತಿತ್ತು. ಇದನ್ನು ತರಗತಿಯಲ್ಲಿ ಹೇಳಿದ ವರ್ಷ ಮಕ್ಕಳು ನೋಟುಬುಕ್ಕಿನ ಖಾಲಿ ಪುಟಗಳನ್ನು ತುಂಬಿಸಿದರು. ಒಬ್ಬಳು ಗೆಳತಿಯ ಫೋನಿನ ಬಗ್ಗೆ ಬರೆದಳು, ಇನ್ನೊಬ್ಬ ಅಣ್ಣನಿಗೆ ಸಿಗುವ ಹೊಗಳಿಕೆಯ ಬಗ್ಗೆ. ಸುಡಲು ತಟ್ಟೆ ತರಲಿಲ್ಲ. ಎಲ್ಲರೂ ಸೇರಿ, ಅವರವರು ಬರೆದ ಆ ಒಬ್ಬರಿಗಾಗಿ ಪ್ರಾರ್ಥಿಸಿದೆವು. ಎದುರಂಗಡಿಗಾಗಿ ನಾನು ಮಾಡಿದ ಪ್ರಾರ್ಥನೆ ಬಹಳ ಚಿಕ್ಕದಾಗಿತ್ತು.

ಹೋದ ದೀಪಾವಳಿಯ ಮುಂಚಿನ ವಾರ, ರಾತ್ರಿ ಎಂಟರ ಹೊತ್ತಿಗೆ, ಎದುರಂಗಡಿಯ ಹುಡುಗ ಓಡಿಬಂದ. ಅವರ ಮಷಿನಿನ ಬಾಬಿನ್ ಕೇಸ್ ಒಡೆದಿತ್ತು, ಮಾರ್ಕೆಟ್ಟಿನ ಅಂಗಡಿಗಳು ಮುಚ್ಚಿದ್ದವು, ಮರುದಿನ ಬೆಳಿಗ್ಗೆ ಕೊಡಬೇಕಾದ ಬಟ್ಟೆಗಳಿದ್ದವು. ನನ್ನ ಡ್ರಾಯರಿನಲ್ಲಿ ಹೆಚ್ಚಿನದೊಂದಿತ್ತು. ಡ್ರಾಯರ್ ತೆರೆದೆ, ಅದು ಕಣ್ಣೆದುರೇ ಇತ್ತು, ಆದರೂ ಹುಡುಕುವವಳಂತೆ ದಾರದ ಉಂಡೆಗಳನ್ನು ಎರಡು ಸಲ ಆಚೆ ಈಚೆ ಸರಿಸಿದೆ. ಆಮೇಲೆ ಎತ್ತಿ ಕೊಟ್ಟೆ. ಹುಡುಗ ಥ್ಯಾಂಕ್ಸ್ ಹೇಳಿ ರಸ್ತೆ ದಾಟಿದ. ಆ ಶನಿವಾರ ಮಕ್ಕಳಿಗೆ ಬಾಬಿನ್ ಕೇಸಿನ ಕಥೆಯನ್ನು ಹೇಳುವಾಗ, ದಾರದ ಉಂಡೆಗಳನ್ನು ಸರಿಸಿದ್ದನ್ನೂ ಬಿಡದೆ ಹೇಳಿದೆ.